ಶುಗರ್ ನಾರ್ಮಲ್, ಯೂರಿನ್‌ನಲ್ಲಿ ಆಮ್ಲ: ಸಕ್ಕರೆ ಕಾಯಿಲೆಯವರು ಕೇಳಿ ಮಾಡಿಸಬೇಕಾದ ಪರೀಕ್ಷೆ

ಶುಗರ್ ಇರುವ ಒಬ್ಬರಿಗೆ ಎರಡು ದಿನದಿಂದ ವಾಂತಿ. ಹೊಟ್ಟೆನೋವು, ಸುಸ್ತು, ನೀರು ಕುಡಿದರೂ ನಿಲ್ಲುತ್ತಿಲ್ಲ. ಮನೆಯಲ್ಲಿ ಗ್ಲುಕೋಮೀಟರ್‌ನಲ್ಲಿ ನೋಡುತ್ತಾರೆ, 170 ತೋರಿಸುತ್ತದೆ. ‘ಶುಗರ್ ಏನೂ ಜಾಸ್ತಿ ಇಲ್ಲ, ಗ್ಯಾಸ್ಟ್ರಿಕ್ ಇರಬೇಕು’ ಅಂತ ಎಲ್ಲರೂ ಸಮಾಧಾನ ಪಟ್ಟುಕೊಳ್ಳುತ್ತಾರೆ. ಹತ್ತಿರದ ಕ್ಲಿನಿಕ್‌ನಲ್ಲಿ ವಾಂತಿಗೆ ಒಂದು ಇಂಜೆಕ್ಷನ್ ಹಾಕಿಸುತ್ತಾರೆ. ಮೂರನೇ ದಿನ ಉಸಿರು ಜೋರಾಗುತ್ತದೆ, ಮಾತು ತೊದಲುತ್ತದೆ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೊತ್ತಾಗುವುದೇನು ಅಂದರೆ, ರಕ್ತದಲ್ಲಿ ಆಮ್ಲ ವಿಪರೀತ ಏರಿದೆ, ಯೂರಿನ್‌ನಲ್ಲಿ ಆ ಆಮ್ಲದ ಗುರುತಾದ ಕೀಟೋನ್ ತುಂಬಿದೆ. ಸಕ್ಕರೆ ಮಾತ್ರ ಆಗಲೂ 200ರ ಆಸುಪಾಸಿನಲ್ಲೇ ಇದೆ.

ಇಂಥ ಪ್ರಕರಣ ಹದಿನೈದು ವರ್ಷದ ಹಿಂದೆ ಬಹಳ ಅಪರೂಪ. ಈಗ ಐಸಿಯು ವೈದ್ಯರಿಗೆ, ಅರಿವಳಿಕೆ ವೈದ್ಯರಿಗೆ ಇದು ಪರಿಚಿತ. ಹೆಚ್ಚಿನ ಸಲ ಇದರ ಹಿಂದೆ ಇರುವುದು ಸಕ್ಕರೆ ಕಾಯಿಲೆಗೇ ಕೊಡುವ ಒಂದೇ ಗುಂಪಿನ ಮಾತ್ರೆಗಳು. ಅವುಗಳ ಹೆಸರು ‘ಗ್ಲಿಫ್ಲೋಜಿನ್’ ಅಂತ ಮುಗಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಹೀಗೆ. ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಮೂಲ ಪೇಟೆಂಟ್ 2020ರಲ್ಲಿ ಮುಗಿಯಿತು. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಮಾತ್ರೆಯೊಂದಕ್ಕೆ ಸುಮಾರು 60 ರೂಪಾಯಿ ಇದ್ದದ್ದು ಕೆಲವೇ ದಿನಗಳಲ್ಲಿ 10 ರೂಪಾಯಿಗೂ ಕೆಳಗೆ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ 10 ಲಕ್ಷ. ಇಷ್ಟು ಜನರಿರುವ ದೇಶಕ್ಕೆ ಒಂದು ಒಳ್ಳೆಯ ಔಷಧಿ ಅಗ್ಗವಾಗಿದ್ದು ನಿಜಕ್ಕೂ ಸಂತೋಷದ ವಿಷಯ. ಇವು ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು ಮಾಡುತ್ತವೆ ಅನ್ನುವುದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿದೆ. ಆದರೆ ಮಾತ್ರೆ ಮನೆ ತಲುಪಿದಷ್ಟು ವೇಗವಾಗಿ ಅದರ ಜೊತೆ ಬರಬೇಕಿದ್ದ ತಿಳಿವಳಿಕೆ ಬಂದಿಲ್ಲ. ನಾವು ಇವತ್ತಿಗೂ ಸಕ್ಕರೆಯ ನಂಬರ್ ಒಂದನ್ನೇ ನೋಡುತ್ತಿದ್ದೇವೆ. ಆಮ್ಲವನ್ನು ಕೇಳುವುದೇ ಇಲ್ಲ.

ಈ ಆಮ್ಲ ಎಲ್ಲಿಂದ ಬರುತ್ತದೆ?

ನಮ್ಮ ದೇಹಕ್ಕೆ ಎರಡು ಮುಖ್ಯ ಇಂಧನ, ಸಕ್ಕರೆ ಮತ್ತು ಕೊಬ್ಬು. ಊಟ ಮಾಡಿದಾಗ ಇನ್ಸುಲಿನ್ ಏರುತ್ತದೆ. ಸಕ್ಕರೆಯನ್ನು ಬಳಸು, ಕೊಬ್ಬನ್ನು ಕೂಡಿಡು ಅಂತ ದೇಹಕ್ಕೆ ಹೇಳುವುದು ಅದೇ. ಇನ್ಸುಲಿನ್ ತೀರಾ ಇಳಿದಾಗ ಕೂಡಿಟ್ಟ ಕೊಬ್ಬು ಕರಗಿ ಲಿವರ್‌ಗೆ ಹೋಗುತ್ತದೆ. ಲಿವರ್ ಅದನ್ನು ಒಡೆದು ಎರಡು ಆಮ್ಲ ತಯಾರಿಸುತ್ತದೆ. ಒಂದು ಅಸಿಟೋಅಸಿಟಿಕ್ ಆಮ್ಲ, ಇನ್ನೊಂದು ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ. ಮೊದಲನೆಯದರಲ್ಲಿ ಸ್ವಲ್ಪ ಭಾಗ ತಾನಾಗಿಯೇ ಅಸಿಟೋನ್ ಆಗಿ ಉಸಿರಿನಲ್ಲಿ ಹೊರಗೆ ಬರುತ್ತದೆ. ಉಗುರು ಬಣ್ಣ ಅಳಿಸುವ ದ್ರಾವಣದ ವಾಸನೆ, ಅಥವಾ ಹಣ್ಣು ಮಾಗಿದ ವಾಸನೆ ಅಂತ ಹೇಳುವುದು ಇದನ್ನೇ. ಈ ಮೂರನ್ನೂ ಸೇರಿಸಿ ಕೀಟೋನ್ ಅನ್ನುತ್ತಾರೆ.

ಕೀಟೋನ್ ಅನ್ನುವುದೇ ವಿಷ ಅಂತ ತಿಳಿಯಬೇಡಿ. ಏಕಾದಶಿ ಉಪವಾಸ ಮಾಡಿದವರಲ್ಲೂ, ಬಸಿರಿನ ವಾಂತಿಯಲ್ಲಿ ಊಟ ಬಿಟ್ಟ ಹೆಣ್ಣುಮಕ್ಕಳಲ್ಲೂ, ಜ್ವರ ಬಂದು ಉಣ್ಣದ ಮಗುವಿನಲ್ಲೂ ಸ್ವಲ್ಪ ಕೀಟೋನ್ ಇರುತ್ತದೆ. ಹಸಿವಿನಲ್ಲಿ ಮೆದುಳನ್ನು ಸಾಕುವುದೇ ಅದು. ಆರೋಗ್ಯವಾಗಿರುವವರಲ್ಲಿ ಇನ್ಸುಲಿನ್ ಪೂರ್ತಿ ನಿಲ್ಲುವುದಿಲ್ಲ. ಅದಕ್ಕೆ ಕೀಟೋನ್ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಸಾಲದೆ ಬಂದಾಗ ಆ ತಡೆ ಇರುವುದಿಲ್ಲ. ಆಮ್ಲ ಏರುತ್ತಲೇ ಹೋಗುತ್ತದೆ. ರಕ್ತದಲ್ಲಿರುವ ಬೈಕಾರ್ಬೊನೇಟ್ ಅದನ್ನು ತಟಸ್ಥ ಮಾಡುತ್ತಾ ಮಾಡುತ್ತಾ ಖರ್ಚಾಗುತ್ತದೆ. ಕಿಡ್ನಿ ಆ ಆಮ್ಲವನ್ನು ಹೊರಗೆ ಹಾಕುವಾಗ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ನೀರು ಎಲ್ಲವೂ ಹೋಗುತ್ತವೆ. ಈ ಸ್ಥಿತಿಗೆ ಕೀಟೋಅಸಿಡೋಸಿಸ್ ಎಂದು ಹೆಸರು. ಆಸ್ಪತ್ರೆಯವರು ಡಿಕೆಎ ಅನ್ನುತ್ತಾರೆ.

ಇದನ್ನು ವೈದ್ಯರು ಕಂಡುಕೊಂಡದ್ದೇ ಯೂರಿನ್ ಮೂಲಕ. 1857ರಲ್ಲಿ ಪ್ರಾಗ್ ನಗರದಲ್ಲಿ ವಿಲ್ಹೆಲ್ಮ್ ಪೆಟರ್ಸ್ ಸಕ್ಕರೆ ಕಾಯಿಲೆಯ ರೋಗಿಯ ಯೂರಿನ್‌ನಲ್ಲಿ ಅಸಿಟೋನ್ ಇರುವುದನ್ನು ತೋರಿಸಿದರು. 1865ರಲ್ಲಿ ಕಾರ್ಲ್ ಗೆರ್‌ಹಾರ್ಟ್ ಅವರು ಯೂರಿನ್‌ಗೆ ಫೆರಿಕ್ ಕ್ಲೋರೈಡ್ ಹಾಕಿದರೆ ಕೆಂಪು ಬಣ್ಣ ಬರುತ್ತದೆ ಅಂತ ಕಂಡುಕೊಂಡರು. 1874ರಲ್ಲಿ ಅಡಾಲ್ಫ್ ಕುಸ್‌ಮಾಲ್ ಆ ರೋಗಿಗಳ ಆಳವಾದ, ಬಿಡುವಿಲ್ಲದ ಉಸಿರಾಟವನ್ನು ವಿವರಿಸಿದರು. ಅದು ರಕ್ತದ ಆಮ್ಲ ತಗ್ಗಿಸಲು ದೇಹ ಇಂಗಾಲದ ಡೈಆಕ್ಸೈಡನ್ನು ಹೊರದೂಡುವ ಪ್ರಯತ್ನ ಅಂತ ನಂತರ ಅರ್ಥವಾಯಿತು. ಆದರೆ ಮುಖ್ಯ ಆಮ್ಲ ಇನ್ನೂ ಸಿಕ್ಕಿರಲಿಲ್ಲ. ಯೂರಿನ್‌ನಲ್ಲಿ ಅಮೋನಿಯಾ ಅಷ್ಟೊಂದು ಯಾಕೆ ಬರುತ್ತಿದೆ, ಯಾವುದೋ ಆಮ್ಲ ಇದ್ದೇ ಇರಬೇಕು ಅಂತ ಹುಡುಕಿದವರು ಎರ್ನ್ಸ್ಟ್ ಸ್ಟಾಡೆಲ್‌ಮನ್. ಅವರು 1883ರಲ್ಲಿ ಅದರ ಸುಳಿವು ಹಿಡಿದರು. ಮರುವರ್ಷ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಎಡ್ವರ್ಡ್ ಕ್ಯೂಲ್ಟ್ಸ್ ಬೇರೆ ಬೇರೆಯಾಗಿ ಅದು ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ ಅಂತ ಖಚಿತಪಡಿಸಿದರು. ಐದು ವರ್ಷದ ಮೇಲೆ ನಾಯಿಯ ಮೇದೋಜೀರಕ ಗ್ರಂಥಿ ತೆಗೆದು, ಸಕ್ಕರೆ ಕಾಯಿಲೆಯ ಮೂಲ ಅಲ್ಲೇ ಇದೆ ಅಂತ ತೋರಿಸಿದ ಇಬ್ಬರಲ್ಲಿ ಒಬ್ಬರು ಇದೇ ಮಿಂಕೋವ್‌ಸ್ಕಿ.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. 11ನೇ ತಾರೀಕಿನ ಮೊದಲ ಇಂಜೆಕ್ಷನ್‌ನಿಂದ ಸಕ್ಕರೆ ಸ್ವಲ್ಪ ಇಳಿಯಿತು. ಯೂರಿನ್‌ನ ಕೀಟೋನ್ ಹಾಗೇ ಉಳಿಯಿತು. ವೈದ್ಯರು ಅದನ್ನು ಗೆಲುವು ಅಂತ ಎಣಿಸಲಿಲ್ಲ. 23ರಂದು ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಸಾರ ಕೊಟ್ಟ ಮೇಲೆ ಕೀಟೋನ್ ಮಾಯವಾಯಿತು. ಇನ್ಸುಲಿನ್ ಕೆಲಸ ಮಾಡುತ್ತಿದೆ ಅಂತ ಅವರಿಗೆ ಧೈರ್ಯ ಬಂದದ್ದು ಆಗ. ನೂರು ವರ್ಷದ ಹಿಂದೆ ಸಕ್ಕರೆಯಷ್ಟೇ ಗಮನ ಆಮ್ಲಕ್ಕೂ ಇತ್ತು. ಗ್ಲುಕೋಮೀಟರ್ ಮನೆಗೆ ಬಂದ ಮೇಲೆ ನಾವು ಅದನ್ನು ಮರೆತೆವು ಅನ್ನುವುದು ನನ್ನ ಅಭಿಪ್ರಾಯ.

ಯೂರಿನ್‌ನಲ್ಲಿ ಕೀಟೋನ್ ನೋಡುವ ರೀತಿ ನಮ್ಮ ಮೆಡಿಕಲ್ ಕಾಲೇಜುಗಳ ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿದ ಎಲ್ಲರಿಗೂ ನೆನಪಿರುತ್ತದೆ. ಅದು 1908ರಲ್ಲಿ ರೊಥೆರಾ ಎಂಬುವರು ಹೇಳಿದ ವಿಧಾನ. ಟೆಸ್ಟ್ ಟ್ಯೂಬ್‌ನಲ್ಲಿ ಸ್ವಲ್ಪ ಯೂರಿನ್ ತೆಗೆದುಕೊಳ್ಳಬೇಕು. ಅದಕ್ಕೆ ಅಮೋನಿಯಂ ಸಲ್ಫೇಟ್ ಪುಡಿ ಹಾಕಿ ಕುಲುಕುತ್ತಾ ಇರಬೇಕು, ತಳದಲ್ಲಿ ಕರಗದೆ ಒಂದಿಷ್ಟು ಉಳಿಯುವವರೆಗೆ. ಆಮೇಲೆ ಆಗಷ್ಟೇ ಮಾಡಿದ ಸೋಡಿಯಂ ನೈಟ್ರೊಪ್ರಸೈಡ್ ದ್ರಾವಣದ ಕೆಲವು ಹನಿ. ಕೊನೆಗೆ ಟ್ಯೂಬನ್ನು ಓರೆ ಮಾಡಿ, ಗೋಡೆಗುಂಟ ನಿಧಾನವಾಗಿ ಅಮೋನಿಯಾ ಬಿಡಬೇಕು. ಕಣ್ಣು ಮೂಗು ಉರಿಯುತ್ತದೆ. ಎರಡು ದ್ರವ ಕೂಡುವ ಜಾಗದಲ್ಲಿ ಕಡು ನೇರಳೆ ಬಣ್ಣದ ಉಂಗುರ ಮೂಡಿದರೆ ಕೀಟೋನ್ ಇದೆ ಅಂತ ಅರ್ಥ. ಇವತ್ತು ಲ್ಯಾಬ್‌ನಲ್ಲಿ ಯೂರಿನ್‌ಗೆ ಅದ್ದುವ ಪ್ಲಾಸ್ಟಿಕ್ ಸ್ಟ್ರಿಪ್ ಇದೆಯಲ್ಲ, ಅದರ ಮೇಲಿನ ಕೀಟೋನ್ ಚೌಕದಲ್ಲಿ ನಡೆಯುವುದೂ ಮೂಲದಲ್ಲಿ ಇದೇ ರಸಾಯನ. ನೈಟ್ರೊಪ್ರಸೈಡ್ ಒಣಗಿ ಅಂಟಿಕೊಂಡಿರುತ್ತದೆ ಅಷ್ಟೇ.

ಇಲ್ಲೇ ಒಂದು ದೊಡ್ಡ ತೊಡಕು ಇದೆ. ನೈಟ್ರೊಪ್ರಸೈಡ್ ಬಣ್ಣ ಕೊಡುವುದು ಅಸಿಟೋಅಸಿಟಿಕ್ ಆಮ್ಲಕ್ಕೆ. ಅಸಿಟೋನ್‌ಗೆ ಸ್ವಲ್ಪ. ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲಕ್ಕೆ ಅದು ಬಣ್ಣ ಕೊಡುವುದೇ ಇಲ್ಲ. ಆರೋಗ್ಯವಂತರಲ್ಲಿ ಈ ಎರಡು ಆಮ್ಲಗಳು ಹೆಚ್ಚುಕಡಿಮೆ ಸಮ ಪ್ರಮಾಣದಲ್ಲಿ ಇರುತ್ತವೆ. ಕೀಟೋಅಸಿಡೋಸಿಸ್ ಆದಾಗ ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ ಇನ್ನೊಂದರ ಮೂರು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟೂ ಆಗುತ್ತದೆ. ಅಂದರೆ ಅತಿ ಹೆಚ್ಚು ಇರುವ ಆಮ್ಲವೇ ಸ್ಟ್ರಿಪ್‌ಗೆ ಕಾಣುವುದಿಲ್ಲ. ರೋಗಿ ತೀರಾ ಹದಗೆಟ್ಟು ರಕ್ತದೊತ್ತಡ ಕುಸಿದಿದ್ದರೆ, ಅಥವಾ ಊಟವಿಲ್ಲದೆ ದಿನಗಟ್ಟಲೆ ಮದ್ಯ ಕುಡಿದಿದ್ದರೆ, ಈ ಅನುಪಾತ ಇನ್ನೂ ಒಂದು ಕಡೆ ವಾಲುತ್ತದೆ. ಆಗ ಸ್ಟ್ರಿಪ್‌ನಲ್ಲಿ ಬಣ್ಣ ತೆಳುವಾಗಿಯೇ ಇರಬಹುದು, ರಿಪೋರ್ಟ್‌ನಲ್ಲಿ ‘ಟ್ರೇಸ್’ ಅಂತ ಬರಬಹುದು.

ಚಿಕಿತ್ಸೆ ಶುರುವಾದ ಮೇಲೆ ಇದು ಉಲ್ಟಾ ಆಗುತ್ತದೆ. ಇನ್ಸುಲಿನ್ ಹೋದಂತೆ ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ ಅಸಿಟೋಅಸಿಟಿಕ್ ಆಮ್ಲವಾಗಿ ಬದಲಾಗುತ್ತದೆ. ರೋಗಿ ಚೇತರಿಸಿಕೊಳ್ಳುತ್ತಾ ಇರುತ್ತಾರೆ, ಸ್ಟ್ರಿಪ್‌ನ ಬಣ್ಣ ಮಾತ್ರ ಗಾಢವಾಗುತ್ತದೆ. ‘ನಿನ್ನೆ ಎರಡು ಪ್ಲಸ್ ಇತ್ತು, ಇವತ್ತು ಮೂರು ಪ್ಲಸ್ ಆಗಿದೆ’ ಅಂತ ಮನೆಯವರು ಗಾಬರಿಯಾಗುವುದು ಇದರಿಂದ. ಹಾಗಾಗಿ ಚಿಕಿತ್ಸೆ ಸರಿ ಹೋಗುತ್ತಿದೆಯಾ ಅಂತ ನೋಡಲು ಯೂರಿನ್ ಸ್ಟ್ರಿಪ್ ಬಳಸಬಾರದು. ಅದಕ್ಕೆ ರಕ್ತದ ಕೀಟೋನ್, ಬೈಕಾರ್ಬೊನೇಟ್, ಆಮ್ಲೀಯತೆ ತೋರಿಸುವ ಪಿಎಚ್ ನೋಡಬೇಕು.

ಇನ್ನೂ ಕೆಲವು ಸಣ್ಣ ವಿಷಯಗಳಿವೆ. ಡಬ್ಬಿ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್ ಗಾಳಿಯ ತೇವ ಕುಡಿದು ಕೆಡುತ್ತದೆ. ಆಗ ಕೀಟೋನ್ ಇದ್ದರೂ ಇಲ್ಲ ಅಂತ ತೋರಿಸುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ವಿಟಮಿನ್ ಸಿ ಮಾತ್ರೆ ಜಾಸ್ತಿ ತೆಗೆದುಕೊಂಡಿದ್ದರೂ ಬಣ್ಣ ಬರದೇ ಇರಬಹುದು. ಬಿಪಿಗೆ ಕೊಡುವ ಕ್ಯಾಪ್ಟೊಪ್ರಿಲ್ ಮಾತ್ರೆ ಇದಕ್ಕೆ ವಿರುದ್ಧ, ಕೀಟೋನ್ ಇಲ್ಲದಿದ್ದರೂ ಇದೆ ಅನ್ನಿಸುತ್ತದೆ. ಜೊತೆಗೆ, ಯೂರಿನ್‌ನಲ್ಲಿ ಕಾಣುವುದು ಈ ಕ್ಷಣದ ಸ್ಥಿತಿಯಲ್ಲ. ಹಿಂದಿನ ಕೆಲವು ಗಂಟೆ ಮೂತ್ರಕೋಶದಲ್ಲಿ ಕೂಡಿಕೊಂಡಿದ್ದರ ಲೆಕ್ಕ ಅದು.

ಈಗ ಗ್ಲಿಫ್ಲೋಜಿನ್ ಮಾತ್ರೆಗಳಿಗೆ ಬರೋಣ. ಇವುಗಳ ಮೂಲ ಸೇಬಿನ ಮರದ ತೊಗಟೆ. 1835ರಲ್ಲಿ ಅದರಿಂದ ಫ್ಲೋರಿಜಿನ್ ಅನ್ನುವ ಕಹಿ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಕೊಟ್ಟರೆ ಯೂರಿನ್‌ನಲ್ಲಿ ಸಕ್ಕರೆ ಹೋಗುತ್ತದೆ ಅಂತ 1880ರ ದಶಕದಲ್ಲಿ ಯೋಸೆಫ್ ಫಾನ್ ಮೇರಿಂಗ್ ತೋರಿಸಿದರು. ಮಿಂಕೋವ್‌ಸ್ಕಿ ಜೊತೆ ನಾಯಿಯ ಪ್ರಯೋಗ ಮಾಡಿದವರು ಇವರೇ. ನಮ್ಮ ಕಿಡ್ನಿ ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆ ಸೋಸಿ, ಬಹುತೇಕ ಅಷ್ಟನ್ನೂ ವಾಪಸ್ ಹೀರಿಕೊಳ್ಳುತ್ತದೆ. ಆ ಹೀರುವ ಕೆಲಸದ ಮುಖ್ಯ ಬಾಗಿಲನ್ನು ಗ್ಲಿಫ್ಲೋಜಿನ್ ಮುಚ್ಚುತ್ತದೆ. ದಿನಕ್ಕೆ 60ರಿಂದ 90 ಗ್ರಾಂ ಸಕ್ಕರೆ ಯೂರಿನ್‌ನಲ್ಲೇ ಹೋಗಿಬಿಡುತ್ತದೆ. ಅದಕ್ಕೇ ಈ ಮಾತ್ರೆ ತೆಗೆದುಕೊಳ್ಳುವವರ ಯೂರಿನ್ ರಿಪೋರ್ಟ್‌ನಲ್ಲಿ ಸಕ್ಕರೆ ಯಾವಾಗಲೂ ಮೂರು ಪ್ಲಸ್, ನಾಲ್ಕು ಪ್ಲಸ್. ಅದನ್ನು ನೋಡಿ ಹೆದರುವುದು ಬೇಡ. ಕೀಟೋನ್ ಅನ್ನುವ ಸಾಲನ್ನು ನೋಡಿ.

ಸಕ್ಕರೆ ಹೀಗೆ ಸೋರಿದಾಗ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಇನ್ಸುಲಿನ್ ಕೂಡ ಇಳಿಯುತ್ತದೆ. ಅದಕ್ಕೆ ಎದುರಾಗಿ ಕೆಲಸ ಮಾಡುವ ಗ್ಲುಕಗಾನ್ ಏರುತ್ತದೆ. ಕೊಬ್ಬು ಕರಗುವುದು ಜಾಸ್ತಿಯಾಗುತ್ತದೆ, ಕೀಟೋನ್ ಸ್ವಲ್ಪ ಏರುತ್ತದೆ. ಸಾಮಾನ್ಯ ದಿನಗಳಲ್ಲಿ ಇದರಿಂದ ತೊಂದರೆ ಇಲ್ಲ. ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯ ಸಕ್ಕರೆ ಕಾಯಿಲೆ ಇರುವ ಸಾವಿರ ಜನ ಒಂದು ವರ್ಷ ಈ ಮಾತ್ರೆ ತೆಗೆದುಕೊಂಡರೆ ಕೀಟೋಅಸಿಡೋಸಿಸ್ ಆಗುವುದು ಸುಮಾರು ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. 2015ರಲ್ಲಿ ಪ್ರಕಟವಾದ ಎಂಪಾ-ರೆಗ್ ಅಧ್ಯಯನದಲ್ಲಿ, ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದವರಲ್ಲಿ, ಇದೇ ಗುಂಪಿನ ಮಾತ್ರೆ ಹೃದಯ ಸಂಬಂಧಿ ಸಾವನ್ನು 38 ಶೇಕಡಾ ತಗ್ಗಿಸಿತು. ಎರಡನ್ನೂ ತೂಗಿ ನೋಡಿದರೆ ಮಾತ್ರೆ ಬಿಡಿ ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಒಬ್ಬರು ಯಾರು, ಯಾವಾಗ ಅನ್ನುವುದು ಬಹುಮಟ್ಟಿಗೆ ಮೊದಲೇ ಗೊತ್ತಿರುವ ಸಂಗತಿ. ಅಲ್ಲೇ ತಡೆಯಬಹುದು.

ಊಟ ನಿಂತ ದಿನಗಳು ಮೊದಲ ಅಪಾಯ. ವಾಂತಿ ಭೇದಿ, ಜ್ವರ, ಆಪರೇಷನ್‌ಗೆ ಮುಂಚಿನ ಉಪವಾಸ, ನವರಾತ್ರಿ ಅಥವಾ ಶಿವರಾತ್ರಿಯ ಕಟ್ಟುನಿಟ್ಟಿನ ಉಪವಾಸ, ರಂಜಾನ್ ರೋಜಾ, ತೂಕ ಇಳಿಸಲು ಅನ್ನ ಮುದ್ದೆ ಚಪಾತಿ ಎಲ್ಲಾ ಬಿಟ್ಟು ಮಾಡುವ ಕೀಟೋ ಡಯಟ್ ಇವೆಲ್ಲ ಅದರಲ್ಲಿ ಬರುತ್ತವೆ. ಕೀಟೋ ಡಯಟ್ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಮೊಬೈಲ್‌ನಲ್ಲಿ ನೋಡಿ, ವೈದ್ಯರಿಗೆ ತಿಳಿಸದೆ, ಗ್ಲಿಫ್ಲೋಜಿನ್ ಮಾತ್ರೆಯ ಜೊತೆಗೇ ಅದನ್ನು ಶುರು ಮಾಡುವವರು ಕಮ್ಮಿಯಿಲ್ಲ. ಎರಡೂ ಸೇರಿ ದೇಹವನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಇನ್ನೊಂದು ಅಪಾಯ ಇನ್ಸುಲಿನ್ ತಪ್ಪಿಸುವುದು. ‘ಊಟ ಮಾಡಿಲ್ಲ, ಇನ್ಸುಲಿನ್ ಯಾಕೆ’ ಅಂತ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಪ್ರಮಾಣ ಕಡಿಮೆ ಮಾಡಬೇಕಾಗಬಹುದು, ಅದನ್ನು ವೈದ್ಯರು ಹೇಳಬೇಕು. ಆದರೆ ಪೂರ್ತಿ ನಿಲ್ಲಿಸಿದರೆ ಆಮ್ಲಕ್ಕೆ ತಡೆಯೇ ಇಲ್ಲ. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಬಗೆ ಇರುವವರಿಗಂತೂ ಈ ಮಾತ್ರೆಯ ಅಪಾಯ ಬಹಳ ಜಾಸ್ತಿ, ಅವರು ತಾವಾಗಿ ತೆಗೆದುಕೊಳ್ಳಲೇಬಾರದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಮೇ ತಿಂಗಳಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 2020ರಲ್ಲಿ ಇನ್ನೊಂದು ಸೂಚನೆ ಸೇರಿಸಿತು. ಮೊದಲೇ ಗೊತ್ತುಮಾಡಿದ ಆಪರೇಷನ್ ಇದ್ದರೆ ಕನಿಷ್ಠ ಮೂರು ದಿನ ಮೊದಲು ಈ ಮಾತ್ರೆ ನಿಲ್ಲಿಸಬೇಕು. ಎರ್ಟುಗ್ಲಿಫ್ಲೋಜಿನ್ ಆದರೆ ನಾಲ್ಕು ದಿನ. ಮಂಡಿ ಆಪರೇಷನ್, ಹರ್ನಿಯಾ, ಗರ್ಭಕೋಶದ ಆಪರೇಷನ್, ಬೈಪಾಸ್ ಯಾವುದೇ ಇರಲಿ. ಆಪರೇಷನ್ ದಿನ ಬೆಳಿಗ್ಗೆ ಮಾತ್ರ ಬಿಟ್ಟರೆ ಸಾಲದು, ಯಾಕೆಂದರೆ ಔಷಧಿಯ ಪರಿಣಾಮ ದಿನಗಟ್ಟಲೆ ಉಳಿಯುತ್ತದೆ. ಆಪರೇಷನ್ ಆದ ಮೇಲೆ ವಾಂತಿ, ಸುಸ್ತು ಬಂದರೆ ಅರಿವಳಿಕೆಯ ಪರಿಣಾಮ ಅಂದುಕೊಳ್ಳುವುದು ಸಹಜ. ಸಕ್ಕರೆ ನಾರ್ಮಲ್ ಇರುತ್ತದೆ ಬೇರೆ. ಹಾಗಾಗಿ ಅಲ್ಲಿ ತಪ್ಪಿಹೋಗುವ ಸಾಧ್ಯತೆ ಜಾಸ್ತಿ.

ಇನ್ನೊಂದು ಸಮಸ್ಯೆ ನಮ್ಮಲ್ಲಿ ವಿಶೇಷ. ಇಲ್ಲಿ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿಸಿ ಮಾರುವುದು ತುಂಬಾ ರೂಢಿ. ಮೆಟ್‌ಫಾರ್ಮಿನ್ ಜೊತೆ ಡಾಪಾ, ಸಿಟಾಗ್ಲಿಪ್ಟಿನ್ ಜೊತೆ ಡಾಪಾ, ಲಿನಾಗ್ಲಿಪ್ಟಿನ್ ಜೊತೆ ಎಂಪಾ ಹೀಗೆ. ‘ನಾನು ಆ ಮಾತ್ರೆ ತೆಗೆದುಕೊಳ್ಳುತ್ತಿಲ್ಲ, ಶುಗರ್ ಮಾತ್ರೆ ಒಂದೇ’ ಅಂತ ಹೇಳುವವರ ಚೀಟಿಯಲ್ಲೇ ಅದು ಇರುತ್ತದೆ. ಕಂಪನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿಗಳ ಪಟ್ಟಿ ಇರುತ್ತದೆ. ಇವತ್ತೇ ಮನೆಯ ಮಾತ್ರೆ ಡಬ್ಬಿ ತೆಗೆದು ನೋಡಿ. ಇಂಗ್ಲಿಷ್ ಓದಲು ಬಾರದ ಅಪ್ಪ ಅಮ್ಮ ಇದ್ದರೆ ನೀವೇ ಓದಿ, ಆ ಹಾಳೆ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ. ವಾಂತಿ ಬಂದರೆ, ಊಟ ನಿಂತರೆ ಇದನ್ನು ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಬೇಕು ಅಂತ ಹೇಳಿಕೊಡಿ.

ಸ್ಟ್ರಿಪ್‌ನ ಕುರುಡು ಈ ಮಾತ್ರೆಗಳಲ್ಲಿ ಇನ್ನೂ ಹೆಚ್ಚಾಗಬಹುದು. ಇವು ಸಕ್ಕರೆಯನ್ನು ಯೂರಿನ್‌ಗೆ ಬಿಡುವಾಗ ಕಿಡ್ನಿ ಕೀಟೋನನ್ನು ಹೆಚ್ಚಾಗಿ ವಾಪಸ್ ಹೀರಿಕೊಳ್ಳುತ್ತದೆ ಅನ್ನುವ ಸೂಚನೆಗಳು ಸಂಶೋಧನೆಯಲ್ಲಿ ಕಂಡಿವೆ. ಹಾಗಾದರೆ ರಕ್ತದಲ್ಲಿ ಎಷ್ಟಿದೆಯೋ ಅಷ್ಟು ಯೂರಿನ್‌ನಲ್ಲಿ ಕಾಣುವುದಿಲ್ಲ. ಈ ಕಾರಣಕ್ಕೆ, ಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಹುಷಾರಿಲ್ಲದಾಗ ರಕ್ತದಲ್ಲೇ ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ ಅಳೆಯುವುದು ಮೇಲು. ಗ್ಲುಕೋಮೀಟರ್ ತರಹದ್ದೇ ಪುಟ್ಟ ಯಂತ್ರ ಇದೆ, ಬೆರಳಿನ ಒಂದು ಹನಿ ರಕ್ತ ಸಾಕು. ಲೀಟರ್‌ಗೆ 0.6 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 1.5 ದಾಟಿದರೆ, ಅದರಲ್ಲೂ ವಾಂತಿ ಇದ್ದರೆ, ಆಸ್ಪತ್ರೆಗೆ ಹೋಗಬೇಕು. 3 ಅಥವಾ ಮೇಲಿದ್ದರೆ ತುರ್ತು. ತೊಂದರೆ ಏನೆಂದರೆ ಇದರ ಸ್ಟ್ರಿಪ್ ಯೂರಿನ್ ಸ್ಟ್ರಿಪ್‌ಗಿಂತ ಹಲವು ಪಟ್ಟು ದುಬಾರಿ, ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುವುದಿಲ್ಲ. ಆದ್ದರಿಂದ ಯೂರಿನ್ ಸ್ಟ್ರಿಪ್ ಬಿಸಾಡಿ ಅನ್ನಲಾಗದು. ಅದರಲ್ಲಿ ಎರಡು ಪ್ಲಸ್ ಬಂದರೆ ಆ ಮಾತನ್ನು ನಂಬಿ, ಓಡಿ. ‘ಇಲ್ಲ’ ಅಥವಾ ‘ಟ್ರೇಸ್’ ಬಂದಿದ್ದು, ಆದರೆ ವಾಂತಿ ಮತ್ತು ಜೋರು ಉಸಿರಾಟ ಇದ್ದರೆ, ಆ ಮಾತನ್ನು ನಂಬಬೇಡಿ.

ವೈದ್ಯರ ನಿಯಮವೂ ಈಚೆಗೆ ಬದಲಾಗಿದೆ. ಮೊದಲು ಕೀಟೋಅಸಿಡೋಸಿಸ್ ಅನ್ನಬೇಕಾದರೆ ಸಕ್ಕರೆ 250 ದಾಟಿರಬೇಕು ಅಂತ ಇತ್ತು. 2024ರಲ್ಲಿ ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಟನೆಗಳು ಸೇರಿ ಹೊರಡಿಸಿದ ವರದಿ ಅದನ್ನು 200ಕ್ಕೆ ಇಳಿಸಿತು. ಅಷ್ಟೇ ಅಲ್ಲ, ಮೊದಲೇ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಿರುವವರಲ್ಲಿ ಸಕ್ಕರೆ ಎಷ್ಟೇ ಇದ್ದರೂ ಕೀಟೋನ್ ಮತ್ತು ಆಮ್ಲ ಏರಿದ್ದರೆ ಸಾಕು ಅಂದಿತು. ಹೀಗೆ ಸಕ್ಕರೆ ಅಷ್ಟಾಗಿ ಏರದೆ ಬರುವ ಪ್ರಕರಣಗಳು ಈಗ ಹತ್ತರಲ್ಲಿ ಒಂದರಷ್ಟಿವೆ ಅನ್ನುವುದು ಆ ವರದಿಯ ಅಂದಾಜು. ಇದು ಪುಸ್ತಕದ ಸಣ್ಣ ತಿದ್ದುಪಡಿ ಅನ್ನಿಸಬಹುದು. ಆದರೆ ಮೊದಲು ಹೇಳಿದ 170ರ ರೋಗಿ ಹಳೆಯ ನಿಯಮದಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಮಕ್ಕಳ ವಿಷಯ ಬೇರೆ, ಅಲ್ಲಿ ಸಕ್ಕರೆಯೂ ಏರಿರುತ್ತದೆ. ಆದರೆ ಯಾರೂ ನೋಡಿರುವುದಿಲ್ಲ. ಟೈಪ್ 1 ಇದೆ ಅಂತ ಮೊದಲ ಸಲ ಗೊತ್ತಾಗುವುದೇ ಎಷ್ಟೋ ಮಕ್ಕಳಿಗೆ ಕೀಟೋಅಸಿಡೋಸಿಸ್ ಆದಾಗ. ಹೊಟ್ಟೆನೋವು, ವಾಂತಿ ಅಂತ ಬರುತ್ತಾರೆ. ಅಪೆಂಡಿಕ್ಸ್ ಇರಬಹುದು ಅಂತ ಸ್ಕ್ಯಾನ್ ಮಾಡಿಸುತ್ತಾರೆ. ಉಸಿರು ಜೋರಾಗಿದ್ದರೆ ನ್ಯುಮೋನಿಯಾ ಅನ್ನುತ್ತಾರೆ. ನೀರು ಜಾಸ್ತಿ ಕುಡಿಯುತ್ತಿದ್ದ, ರಾತ್ರಿ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ್ದ, ತೂಕ ಇಳಿದಿತ್ತು ಅನ್ನುವುದನ್ನು ಅಮ್ಮಂದಿರು ಆಮೇಲೆ ನೆನಪಿಸಿಕೊಂಡು ಅಳುತ್ತಾರೆ. ಯೂರಿನ್ ಸ್ಟ್ರಿಪ್ ಒಂದನ್ನು ಅದ್ದಿದ್ದರೆ ಸಕ್ಕರೆ ಚೌಕ, ಕೀಟೋನ್ ಚೌಕ ಎರಡೂ ಒಂದೇ ನಿಮಿಷದಲ್ಲಿ ಬಣ್ಣ ತಿರುಗುತ್ತಿದ್ದವು. ಈ ಮಕ್ಕಳಲ್ಲಿ ಆ ಅಗ್ಗದ ಸ್ಟ್ರಿಪ್ ನಿಜಕ್ಕೂ ಜೀವ ಉಳಿಸುತ್ತದೆ.

ಯೂರಿನ್‌ನಲ್ಲಿ ಆಮ್ಲ ಇಲ್ಲದಿರುವುದೂ ಕೆಲವೊಮ್ಮೆ ಒಂದು ಸುಳಿವು. ಸಕ್ಕರೆ 400, 500 ಇದ್ದು, ರೋಗಿ ತೀರಾ ತೆಳ್ಳಗಿದ್ದು, ಇನ್ಸುಲಿನ್ ಕಡಿಮೆ ಇದ್ದು, ಆದರೂ ಕೀಟೋನ್ ಬರದ ಒಂದು ಬಗೆಯ ಸಕ್ಕರೆ ಕಾಯಿಲೆ ಇದೆ. ಬಾಲ್ಯದ ಅಪೌಷ್ಟಿಕತೆಗೂ ಇದಕ್ಕೂ ನಂಟು. 1955ರಲ್ಲಿ ಜಮೈಕಾದಲ್ಲಿ ಇದನ್ನು ಮೊದಲು ವಿವರಿಸಿದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪಟ್ಟಿಗೆ ಸೇರಿಸಿ, 1999ರಲ್ಲಿ ತೆಗೆದುಹಾಕಿತು. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್ ಸಮಾವೇಶದಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ‘ಟೈಪ್ 5’ ಅಂತ ಒಪ್ಪಿಕೊಂಡಿತು. ಇದರ ಹಿಂದಿನ ಸಂಶೋಧನೆಯಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಪಾಲು ದೊಡ್ಡದು. ಇವರನ್ನು ಟೈಪ್ 1 ಅಂತ ತಿಳಿದು ಇನ್ಸುಲಿನ್ ಜಾಸ್ತಿ ಕೊಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ತೆಳ್ಳಗಿನ ಯುವಕನಿಗೆ ಶುಗರ್ ಬಂದಾಗ ಕೀಟೋನ್ ಇದೆಯೋ ಇಲ್ಲವೋ ಬರೆದಿಡುವುದು ಅದಕ್ಕೇ ಮುಖ್ಯ.

ಕೀಟೋನ್ ಒಂದೇ ಅಲ್ಲ, ಸಕ್ಕರೆ ಕಾಯಿಲೆಯವರ ಯೂರಿನ್‌ನಲ್ಲಿ ಬೇರೆ ಆಮ್ಲಗಳೂ ಏರುಪೇರಾಗುತ್ತವೆ. ಕೀಟೋಅಸಿಡೋಸಿಸ್‌ನಲ್ಲಿ ಕೊಬ್ಬು ಒಡೆಯುವ ಕೆಲಸ ಬೇರೆ ದಾರಿಯಲ್ಲೂ ನಡೆದು ಅಡಿಪಿಕ್, ಸುಬೆರಿಕ್ ಆಮ್ಲಗಳು ಹೊರಬರುತ್ತವೆ. ಟೈಪ್ 2 ಇರುವವರ ಯೂರಿನ್ ಸಾಮಾನ್ಯವಾಗಿ ಹೆಚ್ಚು ಆಮ್ಲೀಯ, ಅದರಿಂದ ಯೂರಿಕ್ ಆಸಿಡ್ ಕಲ್ಲು ಆಗುವುದು ಜಾಸ್ತಿ. 2013ರಲ್ಲಿ ಅಮೆರಿಕದಲ್ಲಿ ಕುಮಾರ್ ಶರ್ಮಾ ಮತ್ತು ಸಂಗಡಿಗರು, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರ ಯೂರಿನ್‌ನಲ್ಲಿ 13 ವಸ್ತುಗಳು ಕಡಿಮೆ ಇರುವುದನ್ನು ಪ್ರಕಟಿಸಿದರು. ಸಿಟ್ರಿಕ್ ಆಮ್ಲವೂ ಸೇರಿ ಅವುಗಳಲ್ಲಿ ಹೆಚ್ಚಿನವು ಸಾವಯವ ಆಮ್ಲಗಳು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಸೊರಗುತ್ತಿರುವ ಗುರುತು ಅದು ಅಂತ ಅವರ ವಾದ. ಕಿಡ್ನಿ ಕೆಡುವ ಮೊದಲೇ ಯೂರಿನ್‌ನಿಂದ ಅದನ್ನು ಹಿಡಿಯುವ ಆಸೆ ಇದರಲ್ಲಿದೆ. ಒಳ್ಳೆಯ ಸಂಶೋಧನೆ, ಮುಂದುವರಿಯಬೇಕು. ಆದರೆ ವೆಲ್‌ನೆಸ್ ಪ್ಯಾಕೇಜ್ ಅಂತ ಯೂರಿನ್‌ನ ಹತ್ತಾರು ಸಾವಯವ ಆಮ್ಲಗಳ ಪಟ್ಟಿ ಕೊಡುವ ಟೆಸ್ಟ್‌ಗೆ ಶುಗರ್ ಇರುವವರು ಸಾವಿರಾರು ರೂಪಾಯಿ ಹಾಕುವ ಅಗತ್ಯ ಇವತ್ತಿಗೆ ಇಲ್ಲ. ಹುಟ್ಟಿನಿಂದ ಬರುವ ಚಯಾಪಚಯ ದೋಷ ಇರುವ ಮಕ್ಕಳಿಗೆ ಆ ಟೆಸ್ಟ್ ಬೇಕು. ಶುಗರ್ ಇರುವವರು ಆ ಹಣದಲ್ಲಿ ಕಿಡ್ನಿ ಹೇಗಿದೆ ಅಂತ ತಿಳಿಸುವ ಯೂರಿನ್ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಟೆಸ್ಟ್ ಮಾಡಿಸಲಿ, ಮಿಕ್ಕಿದ್ದಕ್ಕೆ ಕೀಟೋನ್ ಸ್ಟ್ರಿಪ್ ತರಲಿ.

ಇದನ್ನೆಲ್ಲ ರೋಗಿಗಳ ತಲೆ ಮೇಲೆ ಮಾತ್ರ ಹಾಕುವುದು ನ್ಯಾಯವಲ್ಲ. ಮಾತ್ರೆ ಅಗ್ಗ ಮಾಡಿ ಮಾರುವ ಕಂಪನಿಗಳು ಡಬ್ಬಿಯ ಮೇಲೆ ಕನ್ನಡದಲ್ಲಿ ಎರಡು ಸಾಲು ಮುದ್ರಿಸಬಹುದು. ‘ವಾಂತಿ, ಉಪವಾಸ, ಆಪರೇಷನ್ ಇದ್ದಾಗ ವೈದ್ಯರನ್ನು ಕೇಳಿ ನಿಲ್ಲಿಸಿ, ಕೀಟೋನ್ ಪರೀಕ್ಷಿಸಿ’ ಅಂದರೆ ಸಾಕು. ಆಪರೇಷನ್‌ಗೆ ತಾರೀಕು ಕೊಡುವಾಗಲೇ ಚೀಟಿಯಲ್ಲಿ ಗ್ಲಿಫ್ಲೋಜಿನ್ ಇದೆಯಾ ಅಂತ ನರ್ಸ್ ಕೇಳುವ ಪದ್ಧತಿ ಬರಬೇಕು. ಆಪರೇಷನ್ ಹಿಂದಿನ ರಾತ್ರಿ ಕೇಳಿದರೆ ಮೂರು ದಿನ ಎಲ್ಲಿಂದ ತರುವುದು, ಅಲ್ವಾ? ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶುಗರ್ ಇರುವ ಯಾರೇ ವಾಂತಿ ಅಂತ ಬಂದರೂ, ಗ್ಲುಕೋಮೀಟರ್ ಏನೇ ತೋರಿಸಲಿ, ಯೂರಿನ್ ಕೀಟೋನ್ ನೋಡಿಯೇ ಕಳಿಸಬೇಕು. ಅದಕ್ಕೆ ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ. ಅವಧಿ ಮುಗಿಯದ ಒಂದು ಡಬ್ಬಿ ಸ್ಟ್ರಿಪ್ ಬೇಕು. ಮುಚ್ಚಳ ಬಿಗಿಯಾಗಿರಬೇಕು, ತೆರೆದ ತಾರೀಕು ಅದರ ಮೇಲೆ ಬರೆದಿರಬೇಕು.